ನಮ್ಮ ಖಜಾನೆಗೆ ನಾವೇ ಕಾವಲು

ಸಾಗರದ ಸಮೀಪದ ಇಕ್ಕೇರಿಯಲ್ಲಿ ಅಘೋರೇಶ್ವರನ ಶಿಲಾದೇಗುಲ ಇಂದಿಗೂ ಗತವೈಭವವನ್ನು ಸಾರುತ್ತ ನಿಂತಿದೆ. ಕೆಳದಿಯ ಅರಸರ ಟಂಕಸಾಲೆ ಈಗಿಲ್ಲ. ಆದರೂ ಆ ಊರಿನ ಹೆಸರನ್ನು ದೂರ ದೂರಕ್ಕೆ ಒಯ್ದದ್ದು ಸುಮಾರು 3.4 ಗ್ರಾಂ ತೂಕದ ಪುಟ್ಟ ಚಿನ್ನದ ನಾಣ್ಯ, ಇಕ್ಕೇರಿ ವರಹ. ಅದರ ಒಂದು ಪಕ್ಕದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. ರಾಜಧಾನಿಯೂ ಟಂಕಸಾಲೆಯೂ ಬಿದನೂರಿಗೆ ಹೋದ ಮೇಲೂ ಜನರ ಬಾಯಲ್ಲಿ ಅದು ಇಕ್ಕೇರಿ ವರಹವೇ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ಶಿವಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಹಾಕಿಸಿದನು. ಟಂಕಸಾಲೆ ಅನ್ಯರ ಕೈಸೇರಿದರೂ ನಾಣ್ಯದ ಮೇಲಿನ ನಂಬಿಕೆ ಅಳಿಯಲಿಲ್ಲ.

ಅರಸನೂ ಟಂಕಸಾಲೆಯೂ ಇಲ್ಲದ ಹಣವೊಂದು 2009ರಲ್ಲಿ ಹುಟ್ಟಿತು. ಅದೇ ಬಿಟ್‌ಕಾಯಿನ್. ಅದರ ಲೆಕ್ಕದ ಪುಸ್ತಕದ ಪ್ರತಿಗಳು ಲೋಕದ ಸಾವಿರಾರು ಗಣಕಯಂತ್ರಗಳಲ್ಲಿವೆ. ಇಂಥ ಹಣವನ್ನು ಪಡೆಯಲು ವರ್ತಕನು ಮಧ್ಯವರ್ತಿಯ ಮೊರೆಹೋಗುವುದುಂಟು. ಅದನ್ನು ತಪ್ಪಿಸಲೆಂದು ನಿಕೋಲಾ ಡೋರಿಯೇ ಎಂಬುವರು 2017ರಲ್ಲಿ ‘ಬಿಟಿಸಿಪೇ ಸರ್ವರ್’ ಎಂಬ ತಂತ್ರಾಂಶವನ್ನು ಆರಂಭಿಸಿದರು. ಇದು ಉಚಿತ; ದಲ್ಲಾಳಿ ಕೇಳುವುದಿಲ್ಲ. ಇದು ನಾಣ್ಯ ಅಚ್ಚುಹಾಕುವ ಯಂತ್ರವಲ್ಲ, ವರ್ತಕನ ಸ್ವಂತ ಗಲ್ಲಾಪೆಟ್ಟಿಗೆ.

ಇದನ್ನು ಸ್ಥಾಪಿಸುವ ಬಗೆಯೂ ಸ್ವಾರಸ್ಯಕರ. ಇದರಲ್ಲಿ ದುಡಿಯುವ ತಂತ್ರಾಂಶ ಒಂದಲ್ಲ, ಹಲವು. ಒಂದರ ಸಲಕರಣೆ ಇನ್ನೊಂದಕ್ಕೆ ತೊಡಕಾಗದಂತೆ ‘ಡಾಕರ್’ ಎಂಬ ಸಾಧನವು ಪ್ರತಿಯೊಂದನ್ನೂ ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಬೇರೆ ಬೇರೆ ‘ಕಂಟೇನರ್’ಗಳಲ್ಲಿ, ಎಂದರೆ ಪೆಟ್ಟಿಗೆಗಳಲ್ಲಿ, ಇರಿಸುತ್ತದೆ. ಒಂದು ಪೆಟ್ಟಿಗೆ ಲೆಕ್ಕದ ಪುಸ್ತಕವನ್ನು ಪಾಲಿಸುತ್ತದೆ. ಇನ್ನೊಂದು ಹಣ ಬಂದಿತೇ ಎಂದು ನೋಡುತ್ತಿರುತ್ತದೆ. ಮತ್ತೊಂದು ದಾಖಲೆ ಇಡುತ್ತದೆ. ಮಗದೊಂದು ಗಿರಾಕಿಗೆ ಬಿಲ್ಲು ಬರೆಯುತ್ತದೆ. ಸಿದ್ಧ ಆಜ್ಞೆಗಳಿಂದ ಇವೆಲ್ಲ ಒಟ್ಟಾಗಿ ಏಳುತ್ತವೆ. ಆದರೆ ನೂರಾರು ಗಿಗಾಬೈಟುಗಳ ಆ ಪುಸ್ತಕವನ್ನು ಮೊದಲ ಬಾರಿ ತರಿಸಿ ಪರೀಕ್ಷಿಸಲು ದಿನಗಟ್ಟಲೆ ತಾಳ್ಮೆ ಬೇಕು.

ಬೀಗದ ಕೈ ಎಲ್ಲಿರಬೇಕು? ಜಾಣ ವರ್ತಕನು ಹಣ ಸ್ವೀಕರಿಸುವ ವಿಳಾಸಗಳನ್ನು ರಚಿಸುವ ಬಹಿರಂಗ ಕೀಲಿಯನ್ನಷ್ಟೇ ಸರ್ವರಿಗೆ ಕೊಡುತ್ತಾನೆ. ಹಣ ತೆಗೆಯುವ ರಹಸ್ಯ ಕೀಲಿ ಬೇರೆಡೆ ಇರುತ್ತದೆ. ಆಗ ಸರ್ವರಿಗೆ ಕನ್ನ ಹಾಕಿದವನಿಗೂ ಅಲ್ಲಿಯವರೆಗೆ ಸೇರಿದ ಹಣ ದಕ್ಕದು. ಯಂತ್ರವೇ ಸುಟ್ಟುಹೋದರೂ, ರಹಸ್ಯ ಕೀಲಿಯನ್ನು ಮರಳಿ ಕೊಡುವ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳು ಕಾಗದದ ಮೇಲಿದ್ದರೆ ಹಣ ಕ್ಷೇಮ.

ಆ ಕಾಗದ ಕಳೆದರೆ ಮಾತ್ರ ದೂರು ಕೊಡಲು ಕಚೇರಿಯಿಲ್ಲ. ಯಜಮಾನನೊಬ್ಬನೇ ಬಲ್ಲ ಪದಗಳು ಅವನೊಡನೆಯೇ ಹೋದರೆ, ಮಡದಿ ಮಕ್ಕಳಿಗೆ ಆ ಹಣ ಕಣ್ಣಿಗೆ ಕಂಡರೂ ಕೈಗೆ ಎಟುಕದು. ಸರ್ಕಾರದ ಲೆಕ್ಕವೂ ತಪ್ಪದು: 2022ರ ಹಣಕಾಸು ಕಾಯಿದೆ ಇಂಥ ಆಸ್ತಿಯ ಲಾಭಕ್ಕೆ ಶೇಕಡಾ 30ರ ತೆರಿಗೆ ವಿಧಿಸಿತು.

ಇಕ್ಕೇರಿ ವರಹಕ್ಕೆ ಒಂದು ರಾಜ್ಯದ ಕಾವಲಿತ್ತು. ಈ ಹೊಸ ಗಲ್ಲಾಪೆಟ್ಟಿಗೆಯ ಕಾವಲುಗಾರನು ಅದರ ಒಡೆಯನೇ. ಅವನು ಮೊದಲು ಮಾಡಬೇಕಾದ ಕೆಲಸವೆಂದರೆ ಆ ಕಾಗದವನ್ನು ಭದ್ರವಾಗಿರಿಸಿ, ಅದಿರುವ ಸ್ಥಳವನ್ನು ಮನೆಯ ಇನ್ನೊಬ್ಬ ನಂಬಿಗಸ್ಥರಿಗೆ ತಿಳಿಸಿಡುವುದು.