ವಾಹನಗಳ ಇಂಡಿಕೇಟರ್ ದೀಪದ ದೋಷಗಳೂ ಮನೆಯಲ್ಲಿಯೇ ಅವುಗಳ ನಿವಾರಣೆಯೂ

ಹುಟ್ಟುವಳಿಯು ಎತ್ತಿನ ಗಾಡಿಯಲ್ಲಿ ಪೇಟೆಗೆ ಹೋಗುತ್ತಿದ್ದ ಕಾಲದಲ್ಲಿ ಗಾಡಿಯವನು ಕೈಚಾಚಿ ತೋರಿಸಿದರೆ ಹಿಂದಿನಿಂದ ಬರುವವನಿಗೆ ಸಾಕಾಗುತ್ತಿತ್ತು. ಈಗಲಾದರೋ ಅಡಿಕೆ, ತೆಂಗಿನಕಾಯಿ, ಗೊಬ್ಬರ ಇವೆಲ್ಲವೂ ಕಾರು, ಪಿಕಪ್, ಟ್ರ್ಯಾಕ್ಟರುಗಳಲ್ಲಿ ಸಾಗುತ್ತವೆ. ಕಾಟಿಪಳ್ಳದಿಂದ ಸುರತ್ಕಲ್ಲಿಗೆ ಬಂದು ರಾಷ್ಟ್ರೀಯ ಹೆದ್ದಾರಿ ೬೬ನ್ನು ಸೇರುವ ನಮ್ಮ ವಾಹನಗಳು ಬಂದರಿನ ಭಾರದ ಲಾರಿಗಳ ನಡುವೆ ಓಡಾಡಬೇಕಾಗಿದೆ. ಆಟಿಯ ಮಳೆಯಲ್ಲಿ, ಮುಸ್ಸಂಜೆಯ ಹೊತ್ತಿನಲ್ಲಿ, ಚಾಚಿದ ಕೈಯು ಯಾರ ಕಣ್ಣಿಗೂ ಬೀಳಲಾರದು. ಆಗ ಪ್ರಾಣವನ್ನು ಕಾಯತಕ್ಕದ್ದು ಇಂಡಿಕೇಟರ್ ದೀಪವೊಂದೇ.

೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಈ ದೀಪವು ಹಳದಿಗೆಂಪು ಬಣ್ಣದ್ದಾಗಿದ್ದು, ನಿಮಿಷಕ್ಕೆ ೬೦ಕ್ಕೆ ಕಡಿಮೆಯಿಲ್ಲದೆ, ೧೨೦ಕ್ಕೆ ಮೀರದೆ ಮಿನುಗತಕ್ಕದ್ದು. ಗಡಿಯಾರವನ್ನು ಹಿಡಿದು ಇದನ್ನು ಎಣಿಸುವುದೇ ಪರೀಕ್ಷೆಯ ಮೊದಲನೆಯ ಹೆಜ್ಜೆಯು. ಏಕೆಂದರೆ ದೋಷವು ಎಲ್ಲಿದೆಯೆಂಬುದನ್ನು ದೀಪದ ಮಿನುಗುವ ರೀತಿಯೇ ಬಹುಮಟ್ಟಿಗೆ ತಿಳಿಸುತ್ತದೆ. ಒಬ್ಬರೇ ಇರುವಾಗ ಸಂಜೆಯಲ್ಲಿ ವಾಹನದ ಹಿಂಭಾಗವನ್ನು ಗೋಡೆಯ ಸಮೀಪಕ್ಕೆ ತಂದು ನಿಲ್ಲಿಸಿದರೆ, ಹಿಂದಿನ ದೀಪಗಳ ಬೆಳಕನ್ನು ಕುಳಿತಲ್ಲಿಂದಲೇ ನೋಡಬಹುದು.

ಲಕ್ಷಣಗಳು

೧. ಒಂದು ಪಕ್ಕದ ದೀಪವು ಮಾತ್ರ ಅತಿವೇಗವಾಗಿ ಮಿನುಗಿದರೆ, ಆ ಪಕ್ಕದ ಮುಂದಿನ ಅಥವಾ ಹಿಂದಿನ ಬಲ್ಬು ಸುಟ್ಟಿರುವುದೆಂದು ತಿಳಿಯಬೇಕು. ಹಳೆಯ ಮಾದರಿಯ, ಶಾಖದಿಂದ ನಡೆಯುವ ಫ್ಲಾಷರುಗಳಲ್ಲಿ ಇದೇ ದೋಷಕ್ಕೆ ದೀಪವು ನಿಧಾನವಾಗುವುದು, ಇಲ್ಲವೆ ಮಿನುಗದೆ ಒಂದೇ ಸಮನೆ ಉರಿಯುವುದು.

೨. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವು ಮಂಕಾಗಿ, ಜೊತೆಯಲ್ಲಿರುವ ಬ್ರೇಕ್ ದೀಪವೋ ಪಾರ್ಕಿಂಗ್ ದೀಪವೋ ಅದರೊಡನೆ ಮಿನುಗಿದರೆ, ಅರ್ತ್ ಕೆಟ್ಟಿರುವುದು.

೩. ಎರಡು ಪಕ್ಕದ ದೀಪಗಳೂ ಹತ್ತದಿದ್ದರೆ, ಫ್ಯೂಸನ್ನೂ ಫ್ಲಾಷರನ್ನೂ ಪರೀಕ್ಷಿಸಬೇಕು. ತುರ್ತು ಸ್ವಿಚ್ಚನ್ನು ಒತ್ತಿದಾಗ ನಾಲ್ಕು ದೀಪಗಳೂ ಸರಿಯಾಗಿ ಮಿನುಗಿದರೆ, ಬಲ್ಬುಗಳಲ್ಲಿ ದೋಷವಿಲ್ಲ. ಫ್ಯೂಸಿನಲ್ಲಿಯೋ ತಿರುವಿನ ಸ್ವಿಚ್ಚಿನಲ್ಲಿಯೋ ಇರುವ ಸಂಭವವು ಹೆಚ್ಚು.

ನಿವಾರಣೆಯ ಕ್ರಮ

ಮೊದಲು ಬಲ್ಬನ್ನು ನೋಡಬೇಕು. ಅದು ಆರಿ ತಣಿದ ಮೇಲೆ ಒಳಕ್ಕೆ ಒತ್ತಿ, ಎಡಕ್ಕೆ ತಿರುಗಿಸಿ ತೆಗೆಯಬೇಕು. ಒಳಗಿನ ತಂತಿಯು ತುಂಡಾಗಿದ್ದರೂ ಗಾಜು ಕಪ್ಪಾಗಿದ್ದರೂ ಬದಲಾಯಿಸಬೇಕು. ಸಾಮಾನ್ಯವಾಗಿ ೧೨ ವೋಲ್ಟಿನ ವಾಹನಗಳಲ್ಲಿ ಮುಂದೆಯೂ ಹಿಂದೆಯೂ ೨೧ ವ್ಯಾಟಿನ ಬಲ್ಬುಗಳಿರುತ್ತವೆ. ಇದಕ್ಕಿಂತ ಬಹಳ ಕಡಿಮೆ ವಿದ್ಯುತ್ತನ್ನು ಸೆಳೆಯುವ ಎಲ್‌ಇಡಿ ಬಲ್ಬನ್ನು ಹಾಕಿದರೆ, ಬಲ್ಬು ಸುಟ್ಟಿದೆಯೆಂಬ ಭ್ರಮೆಯಿಂದ ಫ್ಲಾಷರು ವೇಗವಾಗಿ ಮಿನುಗುವುದುಂಟು.

ಬಲ್ಬು ಸರಿಯಿದ್ದರೆ ಹೋಲ್ಡರನ್ನು ನೋಡಬೇಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಗಾಳಿಯಲ್ಲಿ ಉಪ್ಪಿನಂಶವಿರುತ್ತದೆ. ಇವೆರಡರ ಫಲವಾಗಿ ಹೋಲ್ಡರಿನ ಹಿತ್ತಾಳೆಯ ಮೇಲೆ ಹಸುರು ಕಿಲುಬು ಹಿಡಿಯುವುದು. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಟ್ಟು, ನಯವಾದ ಉಪ್ಪುಕಾಗದದಿಂದ ಅದನ್ನು ಉಜ್ಜಿ, ಒಣಬಟ್ಟೆಯಿಂದ ಒರಸಿ, ಬಲ್ಬನ್ನು ಕೂಡಿಸಿದ ಮೇಲೆ ಹೊರಮೈಗೆ ತೆಳುವಾಗಿ ವ್ಯಾಸಲಿನ್ ಸವರಬೇಕು. ದೀಪದ ಗಾಜಿನೊಳಗೆ ನೀರು ನಿಂತಿದ್ದರೆ, ಸೀಳಿದ ರಬ್ಬರನ್ನು ಬದಲಿಸದೆ ಈ ಶ್ರಮವು ಫಲಿಸದು.

ಅರ್ತಿನ ಪರೀಕ್ಷೆಯೂ ಸುಲಭವು. ಬ್ಯಾಟರಿಯನ್ನು ಪುನಃ ಜೋಡಿಸಿ, ಅದರ ಋಣ ತುದಿಯಿಂದ ಒಂದು ಉದ್ದನೆಯ ವಯರನ್ನು ತಂದು ಹೋಲ್ಡರಿನ ಲೋಹದ ಮೈಗೆ ತಾಗಿಸಬೇಕು. ಮಂಕಾಗಿದ್ದ ದೀಪವು ಕೂಡಲೆ ಪ್ರಕಾಶಿಸಿದರೆ ಅರ್ತಿನ ದೋಷವು ಸ್ಥಿರಪಟ್ಟಂತಾಯಿತು. ಅರ್ತ್ ವಯರು ಚಾಸಿಸ್ಸಿಗೆ ಸೇರುವಲ್ಲಿ ಬೋಲ್ಟನ್ನು ಬಿಚ್ಚಿ, ತುಕ್ಕನ್ನೂ ಬಣ್ಣವನ್ನೂ ಕೆರೆದು, ಬಿಗಿಯಾಗಿ ಕೂಡಿಸಬೇಕು.

ಕಾಟಿಪಳ್ಳದ ಕೃಷಿಕರೊಬ್ಬರ ಟ್ರೈಲರಿನ ದೀಪವು ಮಳೆಗಾಲದಲ್ಲಿ ಪದೇಪದೇ ಕೆಡುತ್ತಿದ್ದುದರಿಂದ ಅವರು ಎರಡು ಸಲ ಹೊಸ ಫ್ಲಾಷರನ್ನು ಹಾಕಿಸಿದ್ದರು. ನಾನು ನೋಡಿದಾಗ ಟ್ರೈಲರಿಗೆ ಪ್ರತ್ಯೇಕ ಅರ್ತ್ ವಯರೇ ಇರಲಿಲ್ಲ. ವಿದ್ಯುತ್ತು ಕೊಕ್ಕೆಯ ತುಕ್ಕಿನ ಮೂಲಕವೇ ಹಿಂದಿರುಗಬೇಕಾಗಿತ್ತು. ಕೆಲವು ಮೊಳ ವಯರಿನಿಂದ ದೋಷವು ನಿವಾರಣೆಯಾಯಿತು. ಟ್ರೈಲರುಳ್ಳವರೆಲ್ಲರೂ ಇದನ್ನು ಗಮನಿಸತಕ್ಕದ್ದು.

ಕೊನೆಯಲ್ಲಿ ಫ್ಯೂಸು ಮತ್ತು ಫ್ಲಾಷರು. ಸುಟ್ಟ ಫ್ಯೂಸಿನ ಸ್ಥಳದಲ್ಲಿ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ಅದೂ ಕೂಡಲೆ ಸುಟ್ಟರೆ ಎಲ್ಲಿಯೋ ವಯರಿನ ಹೊದಿಕೆಯು ಸವೆದು ಕಬ್ಬಿಣಕ್ಕೆ ತಾಗುತ್ತಿರುವುದು. ಕೊಟ್ಟಿಗೆಯಲ್ಲಿ ನಿಲ್ಲಿಸಿದ ವಾಹನದಲ್ಲಿ ಇಲಿಯು ಕಡಿದಿರುವುದೂ ಉಂಟು. ಫ್ಯೂಸು ಸರಿಯಿದ್ದೂ ದೀಪವು ಹತ್ತದಿದ್ದರೆ, ಅದೇ ಮಾದರಿಯ ಸುಸ್ಥಿತಿಯಲ್ಲಿರುವ ಫ್ಲಾಷರನ್ನು ಹಾಕಿ ನೋಡುವುದು ಸುಲಭೋಪಾಯವು.

ಮಾಡಬಾರದವುಗಳು

ಫ್ಯೂಸಿಗೆ ಬದಲಾಗಿ ತಂತಿಯನ್ನಾಗಲಿ ಬೀಡಿ-ಸಿಗರೇಟಿನ ಬೇಗಡೆಯನ್ನಾಗಲಿ ಸುತ್ತಬಾರದು. ವಾಹನಕ್ಕೆ ಬೆಂಕಿ ಹತ್ತುವುದಕ್ಕೆ ಇದೊಂದೇ ಸಾಕು. ಏರ್‌ಬ್ಯಾಗುಳ್ಳ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗಿನ ಸ್ವಿಚ್ಚನ್ನು ತಾವೇ ಬಿಚ್ಚಕೂಡದು. ದೀಪಗಳನ್ನು ಕಂಪ್ಯೂಟರು ನಿಯಂತ್ರಿಸುವ ಹೊಸ ವಾಹನಗಳಲ್ಲಿ ಬಲ್ಬು, ಹೋಲ್ಡರು, ಫ್ಯೂಸುಗಳಿಗೆ ಮೀರಿದ ಕೆಲಸವನ್ನು ನಿಪುಣರಿಗೆ ಬಿಡುವುದು ಲೇಸು.

ಮಳೆಗಾಲಕ್ಕೆ ಮೊದಲು ಗದ್ದೆಯ ಬದುವನ್ನೂ ತೋಟದ ಕಣಿಗಳನ್ನೂ ಸರಿಪಡಿಸುವುದು ನಮ್ಮಲ್ಲಿ ವಾಡಿಕೆಯಷ್ಟೆ. ಆ ಸಮಯದಲ್ಲಿಯೇ ವಾಹನಗಳ ದೀಪಗಳನ್ನೂ ಒಮ್ಮೆ ಪರೀಕ್ಷಿಸಬೇಕು. ಗ್ರಾಮಪ್ರಮುಖರು ತಮ್ಮ ವಾಹನಗಳಲ್ಲಿ ಮೊದಲು ಇದನ್ನು ಮಾಡಿ ತೋರಿಸಿದರೆ ಉಳಿದವರು ಅನುಸರಿಸುವುದರಲ್ಲಿ ಸಂದೇಹವಿಲ್ಲ. ಒಂದು ಬಲ್ಬಿನ ಬೆಲೆಯು ಅತ್ಯಲ್ಪವು. ಅದಿಲ್ಲದೆ ಹೆದ್ದಾರಿಯಲ್ಲಿ ತಿರುಗುವ ವಾಹನದ ಹಿಂದೆ ಬರುವ ದ್ವಿಚಕ್ರಿಯು ತೆರಬೇಕಾದ ಬೆಲೆಯು ಹಾಗಲ್ಲ.