ಬುಧವಾರದ ಕೀಮೋ, ಸೋಮವಾರದ ಕೆಲಸ

ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾದದ್ದು 1999ರಲ್ಲಿ. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಕೀಮೋಥೆರಪಿ ಮತ್ತು ರೇಡಿಯೇಷನ್. ಅಷ್ಟರ ನಡುವೆಯೂ ಅವರು ಒಂದು ದಿನದ ಕಲಾಪವನ್ನೂ ತಪ್ಪಿಸಲಿಲ್ಲ. ಅದೇ ಪೀಠದಲ್ಲಿದ್ದ ಸಾಂಡ್ರಾ ಡೇ ಓ'ಕಾನರ್ 1988ರಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದವರು. ಅವರು ಗಿನ್ಸ್‌ಬರ್ಗ್‌ಗೆ ಒಂದು ಕಿವಿಮಾತು ಹೇಳಿದ್ದರು: ಕೀಮೋವನ್ನು ಶುಕ್ರವಾರಕ್ಕೆ ಇಟ್ಟುಕೊಂಡರೆ ವಾರಾಂತ್ಯದಲ್ಲಿ ಸುಧಾರಿಸಿಕೊಂಡು ಸೋಮವಾರ ಕೆಲಸಕ್ಕೆ ಕೂರಬಹುದು.

ಇಂಥ ಪ್ರಸಂಗಗಳನ್ನು ಮನೋಬಲದ ಕಥೆಗಳೆಂದು ಹೇಳುವುದು ರೂಢಿ. ಆದರೆ ಇದರ ತಿರುಳು ಇರುವುದು ಆ ಶುಕ್ರವಾರದಲ್ಲಿ. ಕೀಮೋದ ತೊಂದರೆಗಳು ಬೇಕಾಬಿಟ್ಟಿ ಬರುವುದಿಲ್ಲ. ಯಾವ ಔಷಧ ಎಷ್ಟನೇ ದಿನ ದೇಹದ ಯಾವ ಭಾಗವನ್ನು ಕಾಡುತ್ತದೆ ಎಂಬುದು ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ. ಚಿಕಿತ್ಸೆ ನಡೆಯುವಾಗ ಕೆಲಸ ಮಾಡಲಾದೀತೇ ಎಂದು ಕೇಳುವವರು ಹಾಕಬೇಕಾದ ಲೆಕ್ಕ ಎರಡು: ಔಷಧದ ದಿನಚರಿ ಏನು, ತಾನು ಮಾಡುವ ಕೆಲಸ ಎಂಥದು.

ಈ ಪ್ರಶ್ನೆ ಬಹಳ ಜನರದ್ದು. 2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ 19 ಲಕ್ಷಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಪತ್ತೆಯಾಯಿತು. ಇವರಲ್ಲಿ ಇನ್ನೂ ದುಡಿಯುವ ವಯಸ್ಸಿನವರು ಕಡಿಮೆಯೇನಲ್ಲ.

ಸೊಂಟದಲ್ಲೊಂದು ಬಾಟಲಿ

ಈ ಕ್ಯಾನ್ಸರಿಗೆ ಕೊಡುವ ಕೀಮೋದ ಬೆನ್ನೆಲುಬು 5-ಫ್ಲೂರೋಯುರಾಸಿಲ್. ಅದರ ವಯಸ್ಸು ಆರು ದಶಕ ದಾಟಿದೆ. ಇಲಿಗಳ ಗಡ್ಡೆಗಳು ಯುರಾಸಿಲ್ ಎಂಬ ಅಣುವನ್ನು ಮಾಮೂಲಿ ಅಂಗಾಂಶಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುತ್ತವೆ ಎಂಬುದು 1950ರ ದಶಕದಲ್ಲಿ ಗೊತ್ತಾಗಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡೆಲ್‌ಬರ್ಗರ್ ಅದೇ ಯುರಾಸಿಲ್‌ನ ಒಂದು ಹೈಡ್ರೋಜನ್ ಪರಮಾಣು ತೆಗೆದು, ಆ ಜಾಗದಲ್ಲಿ ಫ್ಲೋರಿನ್ ಕೂರಿಸಿದರು. 1957ರಲ್ಲಿ ಔಷಧ ಬೆಳಕಿಗೆ ಬಂತು. ಕೋಶ ಇದನ್ನು ತನ್ನದೇ ಕಚ್ಚಾವಸ್ತು ಎಂದು ಒಳಗೆ ಬಿಟ್ಟುಕೊಳ್ಳುತ್ತದೆ. ಡಿಎನ್‌ಎಗೆ ಬೇಕಾದ ಥೈಮಿಡಿನ್ ತಯಾರಿಸುವ ಕಿಣ್ವಕ್ಕೆ ಇದು ಅಂಟಿಕೊಂಡಾಗ, ರಾಗಿಯೊಳಗಿನ ಕಲ್ಲು ಗಿರಣಿಗೆ ಸಿಕ್ಕಿದ ಹಾಗೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಜೊತೆಗೆ ಕೊಡುವ ಲ್ಯೂಕೋವೊರಿನ್ ಆ ಹಿಡಿತವನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಆದರೆ ಈ ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದರ ಬಹುಪಾಲನ್ನು ಯಕೃತ್ತಿನ ಡಿಪಿಡಿ ಎಂಬ ಕಿಣ್ವ ನಿಮಿಷಗಳಲ್ಲೇ ಒಡೆದುಹಾಕುತ್ತದೆ. ಹಾಗಾಗಿ ಇದನ್ನು ನಿಧಾನವಾಗಿ, ಬಿಡದೆ ಹರಿಸಬೇಕು. ಫೋಲ್‌ಫಾಕ್ಸ್ ಎಂಬ ಕ್ರಮದಲ್ಲಿ ಆಸ್ಪತ್ರೆಯಲ್ಲಿ ಎರಡು ಗಂಟೆ ಡ್ರಿಪ್ ಏರಿಸಿ, ಆಮೇಲೆ 46 ಗಂಟೆಗಳ ಪಂಪ್ ಕಟ್ಟಿ ಮನೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಪಂಪ್ ಒಂದು ಪ್ಲಾಸ್ಟಿಕ್ ಬಾಟಲಿ, ಅದರೊಳಗೆ ಔಷಧ ತುಂಬಿದ ಬಲೂನು. ಬ್ಯಾಟರಿ ಇಲ್ಲ, ಸದ್ದಿಲ್ಲ. ಬಲೂನು ಕುಗ್ಗುತ್ತಾ ಹೋದಂತೆ ಔಷಧ ಸಣ್ಣ ನಳಿಕೆಯ ಮೂಲಕ, ಕೊರಳೆಲುಬಿನ ಕೆಳಗೆ ಚರ್ಮದಡಿ ಕೂರಿಸಿದ ಕೀಮೋ ಪೋರ್ಟ್ ಸೇರುತ್ತದೆ. ಬಾಟಲಿಯನ್ನು ಸೊಂಟದ ಚೀಲದಲ್ಲಿಟ್ಟು ಮೇಜಿನ ಮುಂದೆ ಕೂತು ಕೆಲಸ ಮಾಡುವವರಿದ್ದಾರೆ.

ಅಡುಗೆ ಒಲೆಯ ಮುಂದೆ ನಿಲ್ಲುವವರಿಗೆ ಅದು ಸಲ್ಲದು. ಶಾಖ ತಗುಲಿದರೆ ಔಷಧ ಲೆಕ್ಕಕ್ಕಿಂತ ವೇಗವಾಗಿ ಹರಿಯುತ್ತದೆ. ತುಂಬಿದ ಬಸ್ಸಿನಲ್ಲಿ ನಿಂತು ಹೋಗುವವರಿಗೆ ನಳಿಕೆ ಸಿಕ್ಕಿಕೊಂಡು ಎಳೆಯುವ ಭಯ. ಔಷಧದ ಅಂಶ ಮೂತ್ರ, ಮಲದಲ್ಲಿ ಹೊರಬರುವುದರಿಂದ, ಕೀಮೋ ನಡೆಯುವಾಗಲೂ ಮುಗಿದ 48 ಗಂಟೆಗಳವರೆಗೂ ಕಚೇರಿಯ ಶೌಚಾಲಯದಲ್ಲಿ ಮುಚ್ಚಳ ಹಾಕಿ ಎರಡು ಸಲ ಫ್ಲಷ್ ಮಾಡಬೇಕು.

ಶುಕ್ರವಾರ ಸರಿಹೋಗದು

ಓ'ಕಾನರ್ ಹೇಳಿದ ಶುಕ್ರವಾರವನ್ನು ಈಗ ಫೋಲ್‌ಫಾಕ್ಸ್‌ಗೆ ಹೊಂದಿಸಿ ನೋಡೋಣ. ಡ್ರಿಪ್‌ಗೆ ಮುಂಚೆ ವಾಕರಿಕೆ ತಡೆಯಲು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ. ಅದರ ದೆಸೆಯಿಂದ ಮೊದಲೆರಡು ದಿನ ಹಲವರಿಗೆ ಹುರುಪು ಇರುತ್ತದೆ, ರಾತ್ರಿ ನಿದ್ದೆಯೇ ಬರುವುದಿಲ್ಲ. ಸ್ಟಿರಾಯ್ಡ್ ಇಳಿದು ಪಂಪ್ ಮುಗಿಯುವ ಹೊತ್ತಿಗೆ, ಮೂರನೇ ದಿನದಿಂದ ಐದನೇ ದಿನದವರೆಗೆ, ಸುಸ್ತು ಅಮರಿಕೊಳ್ಳುತ್ತದೆ. ಶುಕ್ರವಾರ ಕೀಮೋ ಆದರೆ ಪಂಪ್ ಬಿಚ್ಚುವುದು ಭಾನುವಾರ, ಮೇಲೇಳಲಾಗದ ದಿನಗಳು ಸೋಮವಾರ, ಮಂಗಳವಾರ. ಅದೇ ಬುಧವಾರ ಬೆಳಿಗ್ಗೆ ಹಾಕಿಸಿಕೊಂಡರೆ ಶುಕ್ರವಾರ ಪಂಪ್ ತೆಗೆಯುತ್ತಾರೆ, ಸುಸ್ತು ವಾರಾಂತ್ಯಕ್ಕೆ ಬೀಳುತ್ತದೆ, ಸೋಮವಾರಕ್ಕೆ ಒಂದಿಷ್ಟು ಚೇತರಿಕೆ ಇರುತ್ತದೆ. ಎಲ್ಲರ ದೇಹವೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಮೊದಲ ಎರಡು ಕೀಮೋಗಳ ದಿನಚರಿ ಬರೆದಿಟ್ಟರೆ ತನ್ನ ದೇಹದ ಲೆಕ್ಕ ತನಗೇ ಗೊತ್ತಾಗುತ್ತದೆ.

ಮೊದಲ ಕೀಮೋದ ವೇಳೆ ಕೆಲಸಕ್ಕೆ ಮಾತು ಕೊಡದಿರುವುದೇ ಲೇಸು. ಕೆಲವರಲ್ಲಿ ಹುಟ್ಟಿನಿಂದಲೇ ಡಿಪಿಡಿ ಕಿಣ್ವ ಕಡಿಮೆ. ಅಂಥವರಲ್ಲಿ ಮಾಮೂಲಿ ಪ್ರಮಾಣದ ಔಷಧವೂ ಒಡೆಯದೆ ಉಳಿದು ವಿಷವಾಗುತ್ತದೆ: ಬಾಯಿ ತುಂಬ ಹುಣ್ಣು, ನಿಲ್ಲದ ಭೇದಿ, ಪ್ರಾಣಕ್ಕೇ ಅಪಾಯ. ಚಿಕಿತ್ಸೆಗೆ ಮುಂಚೆ ಈ ಕಿಣ್ವದ ಕೊರತೆಯ ಪರೀಕ್ಷೆ ಮಾಡಿಸಬೇಕೆಂದು ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ಇಲ್ಲಿಯೂ ವೈದ್ಯರನ್ನು ಕೇಳಿ ನೋಡಬಹುದಾದ ಪರೀಕ್ಷೆ ಇದು.

ಎರಡನೇ ವಾರದಲ್ಲಿ ಮೈ ಹಗುರವಾಗುತ್ತದೆ, ಆದರೆ ಬಿಳಿ ರಕ್ತಕಣಗಳು ತಳ ಮುಟ್ಟುವುದು ಸುಮಾರು ಆಗಲೇ. ನೆಗಡಿ, ಜ್ವರದ ಮಕ್ಕಳಿಂದ ತುಂಬಿದ ತರಗತಿಯ ಮೇಷ್ಟರಿಗೂ ಜನಸಂದಣಿಯ ಕೌಂಟರಿನಲ್ಲಿ ಕೂರುವವರಿಗೂ ಇದೇ ಎಚ್ಚರದ ಕಾಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಪಾಳಿ ಮುಗಿಸುವುದಲ್ಲ, ಆಗಲೇ ಆಸ್ಪತ್ರೆಗೆ ಹೊರಡಬೇಕು. ರಕ್ತಕಣ ಏರದಿದ್ದರೆ ಮುಂದಿನ ಕೀಮೋ ಒಂದು ವಾರ ಮುಂದಕ್ಕೆ ಹೋಗುತ್ತದೆ. ಎರಡು ವಾರಕ್ಕೊಂದರಂತೆ 12 ಕೀಮೋ ಆರು ತಿಂಗಳಲ್ಲಿ ಮುಗಿಯುವುದು ಕಾಗದದ ಮೇಲೆ. ರಜೆಯ ಅರ್ಜಿಯಲ್ಲಿ ಇನ್ನಷ್ಟು ವಾರಗಳಿಗೆ ಜಾಗ ಬಿಟ್ಟಿರಬೇಕು.

ಐಸಿಗೆ ಕೈಯಿಟ್ಟರೆ

ಫೋಲ್‌ಫಾಕ್ಸ್‌ನ ಇನ್ನೊಂದು ಔಷಧ ಆಕ್ಸಾಲಿಪ್ಲಾಟಿನ್. ಜಪಾನಿನ ನಗೋಯಾ ನಗರ ವಿಶ್ವವಿದ್ಯಾಲಯದಲ್ಲಿ ಯೋಶಿನೋರಿ ಕಿದಾನಿ 1976ರಲ್ಲಿ ಕಂಡುಹಿಡಿದ ಪ್ಲಾಟಿನಂ ಸಂಯುಕ್ತ ಇದು. ಇದರ ಕಾಟ ವಿಚಿತ್ರ. ಡ್ರಿಪ್ ಏರಿದ ಕೆಲವೇ ಗಂಟೆಗಳಲ್ಲಿ ತಣ್ಣನೆಯದನ್ನು ಮುಟ್ಟಿದರೆ ಬೆರಳಿಗೆ ಶಾಕ್ ಹೊಡೆದ ಅನುಭವ. ತಣ್ಣೀರು ಕುಡಿದರೆ ಗಂಟಲು ಬಿಗಿದು ಉಸಿರೇ ಕಟ್ಟಿದಂತೆ ಭಾಸವಾಗುತ್ತದೆ, ಉಸಿರಾಟ ಮಾತ್ರ ನಿಂತಿರುವುದಿಲ್ಲ. ಔಷಧದಿಂದ ಬಿಡುಗಡೆಯಾಗುವ ಆಕ್ಸಲೇಟ್ ನರಗಳ ಸುತ್ತಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಸೋಡಿಯಂ ಬಾಗಿಲುಗಳ ಲಯ ಕೆಡಿಸುವುದೇ ಇದಕ್ಕೆ ಕಾರಣವೆಂಬ ವಿವರಣೆಯಿದೆ.

ಮನೆಯಲ್ಲಿ ಬಿಸಿನೀರು ಕುಡಿದು, ಫ್ರಿಜ್ಜಿಗೆ ಕೈಹಾಕದೆ ಇರಬಹುದು. ಆದರೆ ಮಂಗಳೂರಿನ ಬಂದರಿನಲ್ಲಿ ಐಸಿನೊಳಗಿಂದ ಬಂಗುಡೆ ಎತ್ತುವ ಹೆಂಗಸಿಗೆ? ಮುಂಜಾನೆ ಕ್ರೇಟುಗಳಿಂದ ತಣ್ಣನೆಯ ಹಾಲಿನ ಪ್ಯಾಕೆಟ್ ಎಣಿಸಿ ಕೊಡುವವನಿಗೆ? ಎಸಿ ಗಾಳಿ ನೇರ ಬೀಸುವ ಜಾಗದಲ್ಲಿ ಕೂತ ಸಾಫ್ಟ್‌ವೇರ್ ಉದ್ಯೋಗಿ ಕುರ್ಚಿ ಬದಲಿಸಿಕೊಂಡರೆ ಸಾಕು. ಮೀನು ಮಾರುವವರಿಗೆ ಆ ಕೆಲವು ದಿನ ಕೆಲಸವೇ ಇಲ್ಲ. ಒಂದೇ ಔಷಧ, ಒಂದೇ ಪ್ರಮಾಣ. ಕೆಲಸ ಬೇರೆಯಾದ್ದರಿಂದ ಅಡ್ಡಪರಿಣಾಮದ ತೂಕವೂ ಬೇರೆ.

ಈ ಚಳಿಯ ಶಾಕ್ ದಿನಗಳಲ್ಲಿ ಇಳಿಯುತ್ತದೆ. ನಿಜವಾದ ಚಿಂತೆ ಬೆರಳು, ಅಂಗಾಲುಗಳ ಜೋಮು. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಪ್ಲಾಟಿನಂ ಕೀಮೋದಿಂದ ಕೀಮೋಗೆ ಸಂಗ್ರಹವಾಗುತ್ತಾ ಹೋಗುತ್ತದೆ. ದರ್ಜಿಗೆ ಸೂಜಿ ಪೋಣಿಸಲಾಗದು, ಅಕ್ಕಸಾಲಿಗೆ ಚಿಮಟ ನಿಲ್ಲದು, ಲಾರಿ ಚಾಲಕರಿಗೆ ಕಾಲ ಕೆಳಗಿನ ಬ್ರೇಕು ತಿಳಿಯದು. ಶರ್ಟಿನ ಗುಂಡಿ ಹಾಕಲು ಕಷ್ಟವಾಗುತ್ತಿದೆ ಎಂಬುದು ವೈದ್ಯರಿಗೆ ಹೇಳಲೇಬೇಕಾದ ಮಾತು. ಆಗ ಅವರು ಆಕ್ಸಾಲಿಪ್ಲಾಟಿನ್ ಪ್ರಮಾಣ ಇಳಿಸಬಹುದು ಅಥವಾ ಅದೊಂದನ್ನೇ ನಿಲ್ಲಿಸಿ ಉಳಿದದ್ದನ್ನು ಮುಂದುವರಿಸಬಹುದು.

ಇಲ್ಲಿ ವಿಜ್ಞಾನ ಒಂದು ಒಳ್ಳೆಯ ಸುದ್ದಿ ಕೊಟ್ಟಿದೆ. ಕೀಮೋ ಆರು ತಿಂಗಳೇ ಬೇಕೇ, ಮೂರು ಸಾಕೇ ಎಂದು ಆರು ಪ್ರಯೋಗಗಳ 12,834 ಮಂದಿಯ ಮಾಹಿತಿ ಒಟ್ಟುಗೂಡಿಸಿದ ಐಡಿಯಾ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಲ್ಲರೂ ಮೂರನೇ ಹಂತದ ದೊಡ್ಡ ಕರುಳಿನ ಕ್ಯಾನ್ಸರಿನವರು. ಅವರಲ್ಲಿ ಅಪಾಯ ಕಡಿಮೆಯಿದ್ದ ಗುಂಪಿನಲ್ಲಿ ಮೂರು ವರ್ಷದ ಬಳಿಕ ರೋಗ ಮರುಕಳಿಸದೆ ಬದುಕಿದ್ದವರು ಮೂರು ತಿಂಗಳ ಚಿಕಿತ್ಸೆಯಲ್ಲಿ ಶೇ 83.1, ಆರು ತಿಂಗಳಲ್ಲಿ ಶೇ 83.3. ಫೋಲ್‌ಫಾಕ್ಸ್ ಪಡೆದವರಲ್ಲಿ ನಿತ್ಯದ ಕೆಲಸಕ್ಕೆ ತೊಡಕಾಗುವಷ್ಟು ನರದ ತೊಂದರೆ ಆರು ತಿಂಗಳಾದರೆ ಸುಮಾರು ಶೇ 48, ಮೂರು ತಿಂಗಳಾದರೆ ಶೇ 17. ಎಲ್ಲರಿಗೂ ಮೂರು ತಿಂಗಳು ಸಾಲದು; ಗಡ್ಡೆ ಎಷ್ಟು ಆಳಕ್ಕಿಳಿದಿದೆ, ಎಷ್ಟು ದುಗ್ಧಗ್ರಂಥಿಗಳಿಗೆ ಹರಡಿದೆ ಎಂಬುದರ ಮೇಲೆ ಆ ತೀರ್ಮಾನ. ಆದರೂ ಬೆರಳ ಕೌಶಲದಿಂದಲೇ ಅನ್ನ ದುಡಿಯುವವರು ತಮ್ಮ ಕಸುಬನ್ನು ವೈದ್ಯರಿಗೆ ಮೊದಲೇ ಹೇಳಿಬಿಡುವುದು ಇದೇ ಕಾರಣಕ್ಕೆ ಮುಖ್ಯ.

ಅಳಿದ ಬೆರಳಚ್ಚು

ಪಂಪಿನ ಬದಲು ಮಾತ್ರೆಯ ದಾರಿಯೂ ಇದೆ. ಕ್ಯಾಪೆಸಿಟಾಬಿನ್ ಮಾತ್ರೆ ದೇಹದೊಳಗೆ ಹಂತಹಂತವಾಗಿ 5-ಫ್ಲೂರೋಯುರಾಸಿಲ್ ಆಗಿ ಬದಲಾಗುತ್ತದೆ. ಮೊದಲ ದಿನ ಆಕ್ಸಾಲಿಪ್ಲಾಟಿನ್ ಡ್ರಿಪ್, ಆಮೇಲೆ 14 ದಿನ ಬೆಳಿಗ್ಗೆ ರಾತ್ರಿ ಊಟವಾದ ಅರ್ಧ ಗಂಟೆಯೊಳಗೆ ಮಾತ್ರೆ, ಮೂರನೇ ವಾರ ಬಿಡುವು. ಆರು ತಿಂಗಳಿಗೆ ಫೋಲ್‌ಫಾಕ್ಸ್ ಆದರೆ ಡ್ರಿಪ್‌ಗೆ 12 ಸಲ, ಪಂಪ್ ಬಿಚ್ಚಿಸಲು ಮತ್ತೆ 12 ಸಲ ಆಸ್ಪತ್ರೆಗೆ ಹೋಗಬೇಕು. ಮಾತ್ರೆಯ ಕ್ರಮದಲ್ಲಿ ಡ್ರಿಪ್‌ಗೆ ಎಂಟೇ ಸಲ. ದೂರದ ಊರಿನಿಂದ ಬರುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇದಕ್ಕೂ ಬೆಲೆ ತೆರಬೇಕು. ಅಂಗೈ, ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತವೆ. ಬೆರಳಚ್ಚು ಅಳಿಸಿಹೋಗುವುದೂ ಉಂಟು. ಬೇರೊಂದು ಕ್ಯಾನ್ಸರಿಗೆ ಈ ಮಾತ್ರೆ ನುಂಗುತ್ತಿದ್ದ ಸಿಂಗಪುರದ ವೃದ್ಧರೊಬ್ಬರನ್ನು, ಬೆರಳಚ್ಚು ಸಿಗದ ಕಾರಣಕ್ಕೆ ಅಮೆರಿಕದ ಅಧಿಕಾರಿಗಳು ನಾಲ್ಕು ಗಂಟೆ ತಡೆದಿಟ್ಟ ಪ್ರಸಂಗವನ್ನು ಅವರ ವೈದ್ಯರು 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಬೆರಳೊತ್ತಿದರಷ್ಟೇ ಹಾಜರಿ ಬೀಳುವ ನಮ್ಮ ಕಚೇರಿ, ಕಾರ್ಖಾನೆಗಳಲ್ಲಿ ಕೆಲಸಕ್ಕೆ ಬಂದವರೂ ಗೈರುಹಾಜರಾಗಬಹುದು. ವೈದ್ಯರ ಪತ್ರ ತೋರಿಸಿ ಮುಖ ಗುರುತಿಸುವ ಯಂತ್ರವನ್ನೋ ಸಹಿ ಪುಸ್ತಕವನ್ನೋ ಮೊದಲೇ ಕೇಳಿಟ್ಟುಕೊಳ್ಳಬೇಕು.

ಅಂಗೈ ಉರಿಯುವ ಈ ತೊಂದರೆಗೆ ಭಾರತದಲ್ಲೇ ಒಂದು ಅಗ್ಗದ ಪರಿಹಾರ ಸಿಕ್ಕಿದೆ. ದೆಹಲಿಯ ಏಮ್ಸ್ ವೈದ್ಯರು 264 ಮಂದಿಯ ಮೇಲೆ ಪ್ರಯೋಗ ನಡೆಸಿ, ಮೈಕೈ ನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್ ಅನ್ನು ಅಂಗೈಗೆ ಹಚ್ಚಿಸಿದರು. ಕಾಡುವ ಮಟ್ಟದ ಸಮಸ್ಯೆ ಶೇ 15ರಿಂದ ಶೇ 3.8ಕ್ಕೆ ಇಳಿಯಿತು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಕೂದಲು ಉಳಿದವರ ಪಾಡು

ಈ ಎರಡೂ ಕ್ರಮಗಳಲ್ಲಿ ಕೂದಲು ತೆಳುವಾಗುತ್ತದೆ, ಬೋಳಾಗುವುದು ಅಪರೂಪ. ಹೀಗಾಗಿ ಸಹೋದ್ಯೋಗಿಗಳಿಗೆ ಕಾಯಿಲೆ ಕಾಣುವುದೇ ಇಲ್ಲ. ಹೇಳಬೇಕೋ ಬೇಡವೋ ಎಂಬುದು ರೋಗಿಗೆ ಬಿಟ್ಟ ವಿಚಾರ. ಆದರೆ ಮೇಲಧಿಕಾರಿಗೆ ರೋಗದ ವಿವರಕ್ಕಿಂತ ದಿನಗಳ ವಿವರ ಕೊಡುವುದು ಉಪಯುಕ್ತ: ಇಂಥ ದಿನ ಬರುವುದಿಲ್ಲ, ಇಂಥ ದಿನ ಮನೆಯಿಂದ ಕೆಲಸ, ಇಂಥ ವಾರ ಪೂರ್ತಿ ಸಿಗುತ್ತೇನೆ.

ಹೀಗೆ ಮಾತಾಡುವ ಅವಕಾಶ ಇರುವುದು ಸಂಬಳದವರಿಗೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯ ಗಾರ್ಮೆಂಟ್ ಕಾರ್ಮಿಕರಂಥವರಿಗೆ ಕ್ಯಾನ್ಸರ್ ಸೇರಿದಂತೆ 34 ದೀರ್ಘಕಾಲದ ಕಾಯಿಲೆಗಳಿಗೆ, ಷರತ್ತಿಗೊಳಪಟ್ಟು, ಕೂಲಿಯ ಶೇ 80ರಷ್ಟು ಭತ್ಯೆ ಎರಡು ವರ್ಷದವರೆಗೆ ಸಿಗುತ್ತದೆ. ಇದು ಗೊತ್ತಿಲ್ಲದೆ ಕೆಲಸಕ್ಕೆ ರಾಜೀನಾಮೆ ಕೊಟ್ಟರೆ ಆ ಹಕ್ಕೂ ಕೈತಪ್ಪಬಹುದು. ಇಎಸ್‌ಐ ವ್ಯಾಪ್ತಿಗೆ ಬರದ ದಿನಗೂಲಿಯವರಿಗೆ ಅದೂ ಇಲ್ಲ. ಅವರಿಗೆ ಆಸ್ಪತ್ರೆಯ ದೂರ ಕಡಿಮೆಯಾಗುವುದೇ ದೊಡ್ಡ ನೆರವು. 2025ರಲ್ಲಿ ಕರ್ನಾಟಕದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳು ಶುರುವಾದದ್ದರ ಬೆಲೆಯನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾತ್ರಿ ಬಸ್ಸು ಹಿಡಿಯುತ್ತಿದ್ದವರು ಬಲ್ಲರು.

ಕೊನೆಯದಾಗಿ, ಲೆಕ್ಕದಿಂದ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಅಂಶ. ಆಕ್ಸಾಲಿಪ್ಲಾಟಿನ್ ನಿಂತ ಮೇಲೂ ಜೋಮು ಕೆಲವು ತಿಂಗಳು ಏರುತ್ತಲೇ ಹೋಗಬಹುದು. ಇಳಿಯುವುದು ಆಮೇಲೆ, ಕೆಲವರಲ್ಲಿ ಪೂರ್ತಿ ಇಳಿಯುವುದೂ ಇಲ್ಲ. ಕೀಮೋ ಮುಗಿಯಿತಲ್ಲ ಎಂದು ದರ್ಜಿಯನ್ನು ಮತ್ತೆ ಮೊದಲಿನ ಪೀಸ್ ಲೆಕ್ಕಕ್ಕೆ ಕೂರಿಸುವ ಮಾಲೀಕರಿಗೂ, ಮರುವಾರವೇ ಲಾರಿ ಹತ್ತುವ ಚಾಲಕರಿಗೂ ಇದು ತಿಳಿದಿರಬೇಕು. ಕೊನೆಯ ಡ್ರಿಪ್‌ನ ತಾರೀಖು ಚಿಕಿತ್ಸೆಗೆ ಸೇರಿದ್ದು. ಹಳೆಯ ಕೆಲಸಕ್ಕೆ ಪೂರ್ತಿಯಾಗಿ ಮರಳುವ ತಾರೀಖನ್ನು ಬೆರಳು, ಪಾದಗಳನ್ನು ಪರೀಕ್ಷಿಸಿಯೇ ಗೊತ್ತುಮಾಡಬೇಕು.