ಆಟಿಕೆ ಇಟ್ಟಿಗೆಯ ಗಾಣ: ಗಣಕಯಂತ್ರದಲ್ಲಿ ವಿನ್ಯಾಸ, ಮೋಟಾರಿನಿಂದ ಚಾಲನೆ

ಚಂದಕವಾಡಿ, ಚಾಮರಾಜನಗರ, ಗುಂಡ್ಲುಪೇಟೆಗಳ ಸುತ್ತಿನ ಹಳ್ಳಿಗಳ ಮಕ್ಕಳಿಗೆ ಯಂತ್ರವೆಂಬುದು ಅಪರಿಚಿತ ವಸ್ತುವಲ್ಲ. ಹೊಲದ ಪಂಪುಸೆಟ್ಟು, ಅರಿಸಿನವನ್ನು ಪಾಲೀಷು ಮಾಡುವ ಪೀಪಾಯಿ, ಹಿಟ್ಟಿನ ಗಿರಣಿ, ಆಲೆಮನೆಯ ಗಾಣ, ಇವೆಲ್ಲವೂ ಅವರು ಕಂಡು ಬಲ್ಲಂಥವೇ. ಆದರೆ ಗಾಣದ ಮೂರು ಉರುಳೆಗಳಲ್ಲಿ ಯಾವುದು ಯಾವ ಕಡೆಗೆ ತಿರುಗುತ್ತದೆ, ಮೋಟಾರು ಅಷ್ಟು ವೇಗವಾಗಿ ಸುತ್ತುತ್ತಿದ್ದರೂ ಕಬ್ಬನ್ನು ನುಂಗುವ ಉರುಳೆ ಮಾತ್ರ ಏಕೆ ನಿಧಾನ ಎಂದು ಕೇಳಿದರೆ ಹತ್ತನೆಯ ತರಗತಿಯ ಜಾಣ ವಿದ್ಯಾರ್ಥಿಯೂ ಒಂದು ಕ್ಷಣ ತಡವರಿಸುತ್ತಾನೆ. ನೋಡಿ ಬಲ್ಲದ್ದಕ್ಕೂ ಕಟ್ಟಿ ಬಲ್ಲದ್ದಕ್ಕೂ ಇರುವ ಅಂತರ ಇದು. ಈ ಅಂತರವನ್ನು ತುಂಬಲು ಶಾಲೆಗಳಿಗೆ ಈಗ ದೊರೆಯುತ್ತಿರುವ ಸಾಧನಗಳಲ್ಲಿ ಮೋಟಾರು ಜೋಡಿಸಿದ ಆಟಿಕೆ ಇಟ್ಟಿಗೆಗಳೂ, ಅವುಗಳನ್ನು ಗಣಕಯಂತ್ರದ ಪರದೆಯ ಮೇಲೆಯೇ ಜೋಡಿಸಿ ನೋಡುವ ತಂತ್ರಾಂಶಗಳೂ ಮುಖ್ಯವಾದವು. ದಾನಿಗಳ ಹಣ ಇಂಥ ಸಾಧನಗಳಿಗೆ ವಿನಿಯೋಗವಾಗುವ ಕಾಲ ಬಂದಿರುವುದರಿಂದ, ಅದು ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ವಿವೇಚನೆ ಅಗತ್ಯ.

ಬಿಡಿ ಭಾಗಗಳಿಂದ ಯಂತ್ರ ಕಟ್ಟುವ ಆಟ ಹಳೆಯದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬಾತ 1901ರಲ್ಲಿ ಹಕ್ಕುಪತ್ರ ಪಡೆದ ತೂತುಪಟ್ಟಿಗಳ ಆಟಿಕೆಯೇ ಮುಂದೆ ಮೆಕ್ಯಾನೋ ಎನಿಸಿತು. ಅದೇ ಮಾದರಿಯ ಮೆಕ್ಯಾನಿಕ್ಸ್ ನಮ್ಮ ದೇಶದ ಎಷ್ಟೋ ಮನೆಗಳಲ್ಲಿ ಹಿಂದಿನ ತಲೆಮಾರಿನವರ ಕೈಯಲ್ಲಿ ಆಡಿದೆ. ಇಟ್ಟಿಗೆಗಳ ಕಥೆ ಬೇರೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳ ಕಸುಬಿಗೆ ಹತ್ತಿರದ ಕಸುಬು ಅದು. ಆತನ ಸಂಸ್ಥೆಯೇ ಲೆಗೋ. ಒಂದರ ತಲೆಯ ಗುಬುಟು ಇನ್ನೊಂದರ ತಳದಲ್ಲಿ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಇಟ್ಟಿಗೆಗೆ ಆತನ ಮಗ 1958ರ ಜನವರಿ 28ರಂದು ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದ. ಆ ವರ್ಷದ ಇಟ್ಟಿಗೆ ಇಂದಿನ ಇಟ್ಟಿಗೆಗೂ ಹೊಂದುತ್ತದೆ. ಹಲ್ಲುಚಕ್ರ, ಅಚ್ಚು, ತೂತುಳ್ಳ ತೊಲೆಗಳಿಂದ ಕೂಡಿದ ಟೆಕ್ನಿಕ್ ಶ್ರೇಣಿ ಬಂದದ್ದು 1977ರಲ್ಲಿ.

ಹೊಂದುತ್ತದೆ ಎಂಬ ಮಾತಿನ ಹಿಂದೆ ಅಳತೆಯ ಶಿಸ್ತಿದೆ. ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿಲಿಮೀಟರು. ಇಟ್ಟಿಗೆಯ ಎತ್ತರ 9.6 ಮಿಲಿಮೀಟರು, ತೆಳುಹಲಗೆಯದು ಅದರ ಮೂರನೆಯ ಒಂದು ಭಾಗ, ಎಂದರೆ 3.2. ಆದ್ದರಿಂದ ಐದು ತೆಳುಹಲಗೆಗಳನ್ನು ಒಂದರ ಮೇಲೊಂದಿಟ್ಟರೆ 16 ಮಿಲಿಮೀಟರು, ಅಂದರೆ ಸರಿಯಾಗಿ ಎರಡು ಗುಬುಟುಗಳ ಅಂತರ. ಹಲ್ಲುಚಕ್ರಗಳಲ್ಲಿಯೂ ಇದೇ ಲೆಕ್ಕ. ಎಷ್ಟು ಹಲ್ಲೋ ಅಷ್ಟೇ ಮಿಲಿಮೀಟರು ಹಲ್ಲು ಕೂಡುವ ವೃತ್ತದ ವ್ಯಾಸ. 8 ಹಲ್ಲಿನದೂ 24 ಹಲ್ಲಿನದೂ ಕೂಡಬೇಕಾದರೆ ಅವುಗಳ ಅಚ್ಚುಗಳ ನಡುವೆ (8+24)÷2, ಅಂದರೆ 16 ಮಿಲಿಮೀಟರು, ಎರಡು ತೂತು ದೂರ. 8ಕ್ಕೂ 40ಕ್ಕೂ ಮೂರು ತೂತು. 16ಕ್ಕೂ 24ಕ್ಕೂ ಮಾತ್ರ ಎರಡೂವರೆ ತೂತು. ನೇರ ತೊಲೆಯ ಮೇಲೆ ಅವು ಕೂಡವು! ಮಕ್ಕಳು ಒತ್ತಾಯದಿಂದ ಕೂಡಿಸಲು ಹೋಗಿ ಹಲ್ಲು ಸವೆಸುವುದು ಇಲ್ಲಿಯೇ. ಸರಾಸರಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಪ್ಪುಹಲಗೆ ಕಲಿಸಲಾರದು.

ಇನ್ನು ತಂತ್ರಾಂಶದ ವಿಚಾರ. 1995ರಲ್ಲಿ ಆಸ್ಟ್ರೇಲಿಯದ ಜೇಮ್ಸ್ ಜೆಸ್ಸಿಮನ್ ಎಂಬ ತರುಣ ತನ್ನ ಸಂತೋಷಕ್ಕಾಗಿ ಎಲ್‌ಡ್ರಾ ಎಂಬುದೊಂದನ್ನು ಬರೆದ. ಎರಡೇ ವರ್ಷದಲ್ಲಿ, 1997ರಲ್ಲಿ, ಆತ ತೀರಿಕೊಂಡ. ಆದರೆ ಆತ ಹಾಕಿಕೊಟ್ಟ ಪದ್ಧತಿಯನ್ನು ಲೋಕದ ನಾನಾ ಕಡೆಯ ಹವ್ಯಾಸಿಗಳು ಎತ್ತಿಕೊಂಡು, ಸಾವಿರಾರು ಬಿಡಿ ಭಾಗಗಳನ್ನು ಒಂದೊಂದಾಗಿ ಅಳೆದು, ಬರೆದು, ಪರಸ್ಪರ ತಿದ್ದಿ, ಯಾರೂ ಬೆಲೆಯಿಲ್ಲದೆ ಬಳಸಬಹುದಾದ ಭಂಡಾರವನ್ನಾಗಿ ಬೆಳೆಸಿದ್ದಾರೆ. ಅದರ ಕಡತ ಸಾಮಾನ್ಯ ಅಕ್ಷರಗಳ ಬರಹ. ಒಂದು ಸಾಲು ಎಂದರೆ ಒಂದು ಬಿಡಿ ಭಾಗ: ಬಣ್ಣದ ಸಂಖ್ಯೆ, ಸ್ಥಾನವನ್ನು ಹೇಳುವ ಮೂರು ಸಂಖ್ಯೆಗಳು, ತಿರುವನ್ನು ಹೇಳುವ ಒಂಬತ್ತು ಸಂಖ್ಯೆಗಳು, ಕೊನೆಯಲ್ಲಿ ಆ ಭಾಗದ ಹೆಸರು. ಎಂಟು ಗುಬುಟಿನ ಪ್ರಸಿದ್ಧ ಇಟ್ಟಿಗೆಯ ಹೆಸರು 3001. ಒಂದು ಗುಬುಟಿನ ಅಂತರವನ್ನು 20 ಮಾನವೆಂದು, ಇಟ್ಟಿಗೆಯ ಎತ್ತರವನ್ನು 24 ಮಾನವೆಂದು ಹಿಡಿದಿರುವುದರಿಂದ ದಶಮಾಂಶದ ತೊಡಕೂ ಬಹುಮಟ್ಟಿಗೆ ಇಲ್ಲ. (ಮೇಲೆ ಹೋದಂತೆ ಸಂಖ್ಯೆ ಕಡಿಮೆಯಾಗುವುದೊಂದು ವಿಚಿತ್ರ, ಗಣಿತದ ಮೇಷ್ಟರು ಮೊದಲ ದಿನ ತಬ್ಬಿಬ್ಬಾಗುವುದು ಸಹಜ.) ಈ ಬರಹವನ್ನು ಚಿತ್ರವಾಗಿ ತೋರಿಸಿ, ಇಲಿಯಿಂದ ಎಳೆದು ಜೋಡಿಸಲು ಬಿಡುವ ಲಿಯೋಕ್ಯಾಡ್, ಎಲ್‌ಡಿಕ್ಯಾಡ್ ಮುಂತಾದವು ಉಚಿತವಾಗಿ ದೊರೆಯುತ್ತವೆ. ಬ್ರಿಕ್‌ಲಿಂಕ್ ಸಂಸ್ಥೆಯ ಸ್ಟುಡಿಯೋ ಕೂಡ ಉಚಿತವೇ. ಆ ಸಂಸ್ಥೆಯನ್ನು 2019ರಲ್ಲಿ ಲೆಗೋ ಕೊಂಡುಕೊಂಡಿತು. ಕಟ್ಟುವ ಹಂತಗಳ ಚಿತ್ರಪುಟಗಳನ್ನೂ, ಬೇಕಾಗುವ ಭಾಗಗಳ ಪಟ್ಟಿಯನ್ನೂ ಸಿದ್ಧಪಡಿಸಿಕೊಳ್ಳಲು ಇವುಗಳಿಂದ ಸಾಧ್ಯ. ಒಂದೇ ಒಂದು ಇಟ್ಟಿಗೆ ಇಲ್ಲದ ಶಾಲೆಯಲ್ಲಿಯೂ ವಿನ್ಯಾಸದ ಕೆಲಸ ನಡೆಯಬಹುದೆಂಬುದು ಇದರ ದೊಡ್ಡ ಪ್ರಯೋಜನ.

ಗಾಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎತ್ತು ಕಟ್ಟಿದ ಹಳೆಯ ಗಾಣದಲ್ಲಿ ಮೂರು ಉರುಳೆಗಳು ಸಾಲಾಗಿ ನೆಟ್ಟಗೆ ನಿಂತಿರುತ್ತವೆ. ನೊಗದ ಮರ ನಡುವಿನ ಉರುಳೆಯನ್ನು ತಿರುಗಿಸಿದರೆ, ಹಲ್ಲುಗಳ ಮೂಲಕ ಎರಡು ಪಕ್ಕದವು ಅದಕ್ಕೆ ಎದುರು ದಿಕ್ಕಿನಲ್ಲಿ ತಿರುಗುತ್ತವೆ. ಕಬ್ಬು ಒಂದು ಸಂದಿನಲ್ಲಿ ಹೋಗಿ ಇನ್ನೊಂದು ಸಂದಿನಲ್ಲಿ ಮರಳಬಹುದಾದದ್ದು ಇದರಿಂದಲೇ. ಮಾದರಿಯಲ್ಲಿ 16 ಹಲ್ಲಿನ ಮೂರು ಚಕ್ರಗಳನ್ನು ಎರಡೆರಡು ತೂತು ದೂರದಲ್ಲಿ ಇಟ್ಟರೆ ಸಾಕು. ಆದರೆ ಎತ್ತು ನಿಮಿಷಕ್ಕೆ ಎರಡು ಮೂರು ಸುತ್ತು ಬಂದರೆ, ಲೆಗೋದ ಮಧ್ಯಮ ಮೋಟಾರು 9 ವೋಲ್ಟಿನಲ್ಲಿ, ಹೊರೆಯಿಲ್ಲದೆ, ಸುಮಾರು 400 ಸುತ್ತು ಸುತ್ತುತ್ತದೆ. ಹೊರೆ ಬಿದ್ದಾಗ 300 ಎಂದು ಹಿಡಿಯೋಣ. ತಿರುಪು ಗೇರು ಒಂದು ಸುತ್ತು ತಿರುಗಿದರೆ ಎದುರಿನ ಚಕ್ರ ಒಂದೇ ಹಲ್ಲು ಸರಿಯುತ್ತದೆ. ಆದ್ದರಿಂದ 24 ಹಲ್ಲಿನ ಚಕ್ರದಿಂದ ವೇಗ 24ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ 12.5 ಸುತ್ತು. ಅದೇ ಅಚ್ಚಿನ ಮೇಲಿನ 8 ಹಲ್ಲಿನ ಚಕ್ರ 40 ಹಲ್ಲಿನದನ್ನು ನೂಕಿದರೆ ಇನ್ನೂ ಐದರಲ್ಲಿ ಒಂದು ಭಾಗ. ಒಟ್ಟು 120ರಲ್ಲಿ ಒಂದು. ನಿಮಿಷಕ್ಕೆ ಎರಡೂವರೆ ಸುತ್ತು. ಎತ್ತಿನ ನಡಿಗೆ ಸಿಕ್ಕಿತು.

ವೇಗ ಇಳಿದಷ್ಟೂ ತಿರುಗಿಸುವ ಬಲ ಏರುತ್ತದೆ. ಆದರೆ ಲೆಕ್ಕದ 120 ಪಟ್ಟು ಕೈಗೆ ಬರುವುದಿಲ್ಲ. ತಿರುಪು ಗೇರಿನ ಉಜ್ಜುವಿಕೆಯೇ ಅದರ ಬಹುಭಾಗವನ್ನು ತಿಂದುಹಾಕುತ್ತದೆ. ಉಳಿದ ಬಲವೂ ಪ್ಲಾಸ್ಟಿಕ್ ಅಚ್ಚನ್ನು ತಿರುಚಲು ಸಾಕು. ಕಬ್ಬಿನ ಬದಲು ಗಟ್ಟಿಯಾದ ಕಡ್ಡಿಯೊಂದು ಸಿಕ್ಕಿಕೊಂಡರೆ ಏನಾಗಬೇಕು? ಹೊರೆ ಮೀರಿದಾಗ ತಾನೇ ಜಾರುವ 24 ಹಲ್ಲಿನ ಚಕ್ರವೊಂದು ದೊರೆಯುತ್ತದೆ. ಅದನ್ನು ನಡುವೆ ಸೇರಿಸಿದ ಮಾದರಿ ಬಾಳುತ್ತದೆ, ಸೇರಿಸದ್ದು ಮುರಿಯುತ್ತದೆ.

ಪರದೆಗೂ ಮೇಜಿಗೂ ಇರುವ ವ್ಯತ್ಯಾಸ ಉಪಾಧ್ಯಾಯರು ಮುಖ್ಯವಾಗಿ ಗಮನಿಸಬೇಕಾದ ಅಂಶ. ಈಗಿನ ಆಲೆಮನೆಗಳ ಮೋಟಾರು ಗಾಣದಲ್ಲಿ ಉರುಳೆಗಳು ತ್ರಿಕೋನದಂತಿರುತ್ತವೆ, ಮೇಲೆ ಒಂದು, ಕೆಳಗೆ ಎರಡು. ಅದನ್ನು ಕಂಡ ಹುಡುಗ ಮೂರು ಚಕ್ರಗಳನ್ನೂ ಒಂದಕ್ಕೊಂದು ತಾಗುವಂತೆ ಪರದೆಯ ಮೇಲೆ ಇಟ್ಟುಬಿಡಬಹುದು. ಚಿತ್ರ ಸುಂದರವಾಗಿಯೇ ಕಾಣುತ್ತದೆ. ಆದರೆ ಹಾಗೆ ಕಟ್ಟಿದ ಯಂತ್ರ ಕೂದಲೆಳೆಯಷ್ಟೂ ಅಲುಗದು. ಮೊದಲನೆಯದು ಬಲಕ್ಕೆ ತಿರುಗಿದರೆ ಎರಡನೆಯದೂ ಮೂರನೆಯದೂ ಎಡಕ್ಕೆ ತಿರುಗಬೇಕು. ಆ ಎರಡೂ ಪರಸ್ಪರ ತಾಗಿದ್ದರೆ ಒಂದೇ ದಿಕ್ಕಿಗೆ ತಿರುಗಲಾರವು. ನಿಜವಾದ ಗಾಣದಲ್ಲಿ ಕೆಳಗಿನ ಎರಡರ ಹಲ್ಲುಗಳು ಒಂದನ್ನೊಂದು ಮುಟ್ಟದಂತೆ ದೂರವಿರುವುದು ಈ ಕಾರಣದಿಂದ. ಎರಡು ಭಾಗಗಳು ಒಂದೇ ಜಾಗದಲ್ಲಿ ಹೊಕ್ಕರೆ ಸ್ಟುಡಿಯೋ ಎಚ್ಚರಿಸುತ್ತದೆ. ಎಲ್‌ಡಿಕ್ಯಾಡಿನಲ್ಲಿ ಚಲನೆಯನ್ನೂ ತೋರಿಸಬಹುದು, ಆದರೆ ಅದು ನಾವು ಬರೆದುಕೊಟ್ಟ ಚಲನೆಯೇ ಹೊರತು ಬಲದ ಲೆಕ್ಕವಲ್ಲ. ತೂಕ, ಉಜ್ಜುವಿಕೆ, ಅಚ್ಚಿನ ಬಾಗು ಇವು ಯಾವುವೂ ಪರದೆಗೆ ತಿಳಿಯವು. ಆದುದರಿಂದ ವಿನ್ಯಾಸವನ್ನು ಪರದೆಯಲ್ಲಿ ಮುಗಿಸಿ ಅಂಕ ಕೊಟ್ಟುಬಿಡುವುದು ಅರ್ಧ ಪಾಠ.

ಶಕ್ತಿಯ ವಿಚಾರ ಸರಳ. ಆರು ಸಣ್ಣ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 6×1.5, ಅಂದರೆ 9 ವೋಲ್ಟು. ಮತ್ತೆ ಮತ್ತೆ ಚಾರ್ಜು ಮಾಡಬಲ್ಲ ಸೆಲ್ಲು ಒಂದಕ್ಕೆ 1.2 ವೋಲ್ಟು, ಒಟ್ಟು 7.2. ವೇಗ ಐದರಲ್ಲಿ ಒಂದು ಭಾಗದಷ್ಟು ತಗ್ಗುತ್ತದೆ. ಮೇಲಿನ ಗಾಣ ಎರಡೂವರೆಯ ಬದಲು ಎರಡು ಸುತ್ತು ಬರುತ್ತದೆ, ಅಷ್ಟೆ. ವರ್ಷವಿಡೀ ಬಳಸುವ ಶಾಲೆಗೆ ಇವೇ ಲಾಭ.

ಕೊಳ್ಳುವ ಕ್ರಮದಲ್ಲಿ ಎಚ್ಚರ ಬೇಕು. ಮೈಂಡ್‌ಸ್ಟಾರ್ಮ್ಸ್ ಎಂಬ ಯಂತ್ರಮಾನವ ಶ್ರೇಣಿಯನ್ನು 1998ರಲ್ಲಿ ಆರಂಭಿಸಿದ ಲೆಗೋ 2022ರ ಕೊನೆಗೆ ಅದನ್ನು ನಿಲ್ಲಿಸಿತು. 2007ರಲ್ಲಿ ಬಂದ ಪವರ್ ಫಂಕ್ಷನ್ಸ್ ಮೋಟಾರುಗಳ ಜಾಗಕ್ಕೆ ಪವರ್ಡ್ ಅಪ್ ಎಂಬ ಬೇರೆ ಶ್ರೇಣಿ ಬಂದಿದೆ; ಎರಡರ ತಂತಿಕೊಂಡಿಗಳು ಒಂದಕ್ಕೊಂದು ಹೊಂದುವುದಿಲ್ಲ. ದುಬಾರಿ ಪೆಟ್ಟಿಗೆಯನ್ನು ದಾನವಾಗಿ ಪಡೆದ ಶಾಲೆ ನಾಲ್ಕಾರು ವರ್ಷಗಳಲ್ಲಿ ಬಿಡಿ ಭಾಗವಿಲ್ಲದೆ ಅದನ್ನು ಗಾಜಿನ ಬೀರುವಿನಲ್ಲಿಡಬೇಕಾದೀತು. ಪೈಬ್ರಿಕ್ಸ್‌ನಂಥ ಹವ್ಯಾಸಿಗಳ ತಂತ್ರಾಂಶ ಇಂಥ ಕೆಲವು ಹಳೆಯ ಸಾಧನಗಳಿಗೆ ಮರುಜೀವ ನೀಡಿದೆಯೆಂಬುದು ನಿಜ. ಆದರೂ ಹಲ್ಲುಚಕ್ರಕ್ಕೂ ಇಟ್ಟಿಗೆಗೂ ಬರುವ ಮುಪ್ಪು ಬಹಳ ನಿಧಾನ. 1995ರ ಎಲ್‌ಡ್ರಾ ಪದ್ಧತಿಯೂ ಇಂದಿಗೂ ಚಾಲ್ತಿಯಲ್ಲಿದೆ. ಆದ್ದರಿಂದ ಇರುವ ಗಣಕಯಂತ್ರಗಳಿಗೆ ಉಚಿತ ತಂತ್ರಾಂಶ ಮೊದಲು. ಆಮೇಲೆ ಬಿಡಿಯಾಗಿ ಹಲ್ಲುಚಕ್ರ, ಅಚ್ಚು, ತೂತುತೊಲೆಗಳು. ಬಳಿಕ ಒಂದೇ ಶ್ರೇಣಿಯ ನಾಲ್ಕೈದು ಮೋಟಾರು ಮತ್ತು ಸೆಲ್ಲುಪೆಟ್ಟಿಗೆ. ಚಿತ್ರವಿರುವ ದೊಡ್ಡ ಪೆಟ್ಟಿಗೆ ಕಟ್ಟಕಡೆಗೆ, ಹಣ ಮಿಕ್ಕಿದರೆ. ಕೇಂದ್ರದ ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ ಖಾಸಗಿ ವಿಶ್ವಸ್ತ ಮಂಡಳಿಗಳ ಶಾಲೆಗಳಿಗೂ ಅವಕಾಶವಿತ್ತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗಿನ ನೆರವಿನಲ್ಲಿ ಅರ್ಧ ಸಾಧನಗಳಿಗೆ, ಅರ್ಧ ಐದು ವರ್ಷದ ನಿರ್ವಹಣೆಗೆ. ನಿರ್ವಹಣೆಗೆ ಅರ್ಧ ಎಂಬ ಆ ವಿಂಗಡಣೆಯನ್ನು ದಾನಿಗಳು ಗಮನಿಸಬೇಕು.

ಮಾದರಿಯನ್ನು ಬಿಚ್ಚಿದ ದಿನ, ತಂತ್ರಾಂಶ ಕೊಟ್ಟ ಪಟ್ಟಿಯನ್ನೇ ಹಿಡಿದು ಮಕ್ಕಳಿಂದ ಭಾಗಗಳನ್ನು ಎಣಿಸಿ ಇಡಿಸುವುದು ಒಳ್ಳೆಯದು; 8 ಹಲ್ಲಿನ ಚಕ್ರ ಕಾಣೆಯಾಗುವಷ್ಟು ಬೇಗ ಇನ್ನಾವುದೂ ಕಾಣೆಯಾಗುವುದಿಲ್ಲ. ಬೇಸಗೆ ರಜೆಗೆ ಮುಂಚೆ ಪೆಟ್ಟಿಗೆಯಿಂದ ಸೆಲ್ಲುಗಳನ್ನು ತೆಗೆದಿಡಬೇಕು. ಒಳಗೇ ಉಳಿದ ಸೆಲ್ಲು ಸೋರಿ ತಗಡನ್ನು ತಿಂದರೆ ಜೂನಿನಲ್ಲಿ ಗಾಣ ತಿರುಗುವುದಿಲ್ಲ.